ಎಡಕ್ಕೆ ವಾಲಿದಾಗ ನಿಲ್ಲುತ್ತಿದ್ದ ಮೋಟರ್

ಕಂಪ್ಯೂಟರಿನ ಕಾರು ಆಟಕ್ಕೆ ತಕ್ಕಂತೆ ಬಾಗುವ, ವಾಲುವ ಒಂದು ಕುರ್ಚಿಯನ್ನು ನಾನೇ ಕಟ್ಟಿಕೊಂಡಿದ್ದೇನೆ. ಪರದೆಯ ಮೇಲಿನ ಕಾರು ಎಡ ತಿರುವಿಗೆ ಹೊರಳಿದಾಗ ಮೊದಲು ಕಂಪ್ಯೂಟರಿನಿಂದ ಯುಎಸ್‌ಬಿ ಕಳಚಿದ ಸದ್ದು ಬರುತ್ತಿತ್ತು. ಅದರ ಬೆನ್ನಿಗೇ ಕುರ್ಚಿಯ ಬಲಬದಿ ಅರ್ಧ ಏರಿದಲ್ಲಿಯೇ ನಿಂತುಬಿಡುತ್ತಿತ್ತು. ವಿದ್ಯುತ್ ಪೂರೈಕೆಯನ್ನು ಪೂರ್ತಿ ಕಡಿದು ಮತ್ತೆ ಕೊಟ್ಟರೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತಿತ್ತು. ಹತ್ತು ನಿಮಿಷವೋ ಅರ್ಧ ಗಂಟೆಯೋ ಕಳೆದ ಮೇಲೆ ಇನ್ನೊಂದು ತಿರುವಿನಲ್ಲಿ ಮತ್ತೆ ಅದೇ ಕಥೆ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ನಾನು ಈ ದೋಷದ ಹಿಂದೆ ಅಲೆದೆ. ಮೋಟರಿಗೆ ವಿದ್ಯುತ್ ಹರಿಸುವ ಒಂದು ಡ್ರೈವರ್ ಬೋರ್ಡನ್ನು ಸುಟ್ಟುಕೊಂಡೆ. ದೋಷ ಸಿಕ್ಕಾಗ ಅದು ಡ್ರೈವರ್ ಬೋರ್ಡಿನಲ್ಲಿ ಇರಲೇ ಇಲ್ಲ.

ಯಂತ್ರದ ರಚನೆಯನ್ನು ಮೊದಲು ಹೇಳಬೇಕು. ಕುರ್ಚಿಯ ನಡುವಿನ ಭಾರವನ್ನು ಹಳೆಯ ಜೀಪಿನ ಯುನಿವರ್ಸಲ್ ಜಾಯಿಂಟ್ ಹೊರುತ್ತದೆ. ಹಿಂದಿನ ಎರಡು ಮೂಲೆಗಳನ್ನು ಎರಡು ವೈಪರ್ ಮೋಟರ್‌ಗಳು ಕ್ರ್ಯಾಂಕ್ ಮತ್ತು ತಳ್ಳುಕಡ್ಡಿಗಳ ಮೂಲಕ ಮೇಲೆ ಕೆಳಗೆ ಆಡಿಸುತ್ತವೆ. ಎರಡೂ ಒಟ್ಟಿಗೆ ಏರಿದರೆ ಕುರ್ಚಿ ಮುಂದಕ್ಕೆ ಬಾಗುತ್ತದೆ, ಒಂದು ಏರಿ ಇನ್ನೊಂದು ಇಳಿದರೆ ಪಕ್ಕಕ್ಕೆ ವಾಲುತ್ತದೆ. ಪ್ರತಿ ಕ್ರ್ಯಾಂಕ್ ಎಷ್ಟು ತಿರುಗಿದೆ ಎಂಬುದನ್ನು 10 ಕಿಲೋಓಮ್ ಪೊಟೆನ್ಷಿಯೋಮೀಟರ್ ಹೇಳುತ್ತದೆ. ಆಟದಿಂದ ಬರುವ ಚಲನೆಯ ಅಂಕಿಗಳನ್ನು ಸಿಮ್‌ಟೂಲ್ಸ್ ತಂತ್ರಾಂಶ ಸೀರಿಯಲ್ ಮೂಲಕ ಆರ್ಡುಯಿನೋ ಉನೋ ಎಂಬ ಪುಟ್ಟ ನಿಯಂತ್ರಕ ಬೋರ್ಡಿಗೆ ಕಳಿಸುತ್ತದೆ, ಅದು ಕ್ರ್ಯಾಂಕ್ ಇರುವ ಜಾಗಕ್ಕೂ ಇರಬೇಕಾದ ಜಾಗಕ್ಕೂ ಇರುವ ಅಂತರ ತಗ್ಗಿಸುವ ಪಿಐಡಿ ಲೆಕ್ಕ ಮಾಡಿ ಐಬಿಟಿ-2 ಎಂಬ ಎರಡು ಡ್ರೈವರ್ ಬೋರ್ಡುಗಳಿಗೆ ಆಜ್ಞೆ ಕೊಡುತ್ತದೆ. ಪ್ರತಿ ಐಬಿಟಿ-2ರಲ್ಲಿ ಇನ್‌ಫಿನಿಯಾನ್‌ನ ಬಿಟಿಎಸ್ 7960 ಎಂಬ ಅರ್ಧ ಸೇತುವೆಯ ಎರಡು ಚಿಪ್‌ಗಳು ಸೇರಿ ಮೋಟರನ್ನು ಎರಡೂ ದಿಕ್ಕಿಗೆ ಓಡಿಸಬಲ್ಲ ಒಂದು ಪೂರ್ಣ ಎಚ್-ಬ್ರಿಡ್ಜ್ ಆಗುತ್ತವೆ. ಶಕ್ತಿಗೆ 12 ವೋಲ್ಟಿನ ಹಳೆಯ ಇನ್ವರ್ಟರ್ ಬ್ಯಾಟರಿ, ಮನೆಯ ಕರೆಂಟನ್ನು ಡಿಸಿ ಮಾಡಿ ಅದಕ್ಕೆ ಸದಾ ಚಾರ್ಜು ಕೊಡುವ ಒಂದು ಎಸ್‌ಎಂಪಿಎಸ್. ಮೋಟರ್ ಒಮ್ಮೆಲೇ ದಿಕ್ಕು ಬದಲಿಸಿದಾಗ ಹಿಂದಕ್ಕೆ ನುಗ್ಗುವ ಶಕ್ತಿಯನ್ನು ಬ್ಯಾಟರಿ ನುಂಗಿಕೊಳ್ಳುತ್ತದೆ ಎಂಬ ಕಾರಣಕ್ಕೆ ಅದನ್ನು ಇಟ್ಟಿದ್ದೆ. ಆ ನಿರ್ಧಾರ ಸರಿಯಾಗಿಯೇ ಇತ್ತು, ಆದರೆ ಎಲ್ಲಿಯಾದರೂ ಶಾರ್ಟ್ ಆದರೆ ಬ್ಯಾಟರಿ ಎಸ್‌ಎಂಪಿಎಸ್‌ನಂತೆ ಕೈಚೆಲ್ಲಿ ಕೂರುವುದಿಲ್ಲ, ಕೇಳಿದಷ್ಟು ಆಂಪಿಯರ್ ಸುರಿಯುತ್ತದೆ.

ಮೊದಲ ನಾಲ್ಕು ತಿಂಗಳು ಈ ಯಂತ್ರ ಪ್ಲೈವುಡ್ಡಿನ ಮೇಲೆ ನಿಂತಿತ್ತು. ತಳವೂ 18 ಮಿಲಿಮೀಟರ್ ಪ್ಲೈ, ಕುರ್ಚಿಯ ಕೆಳಗಿನ ಹಲಗೆಯೂ ಪ್ಲೈ. ತೊಂದರೆ ಇರಲಿಲ್ಲ, ಅಲುಗಾಟ ಮಾತ್ರ ಹೆಚ್ಚಾಗಿತ್ತು. ಏಪ್ರಿಲ್‌ನಲ್ಲಿ ಕಪನೂರ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಕಬ್ಬಿಣದ ಆಂಗಲ್‌ನಿಂದ ಹೊಸ ಚೌಕಟ್ಟು ಬೆಸೆಸಿ, ರೆಡ್ ಆಕ್ಸೈಡ್ ಹಚ್ಚಿಸಿ, ಅದರ ಮೇಲೆ ಕಪ್ಪು ಎನಾಮಲ್ ಬಳಿಸಿ ತಂದೆ. ಮೋಟರ್, ಕುರ್ಚಿ, ಪೆಡಲ್ ಎಲ್ಲವನ್ನೂ ಅದರ ಮೇಲೆ ಬೋಲ್ಟ್ ಮಾಡಿದೆ. ಎರಡು ವಾರ ಚೆನ್ನಾಗಿಯೇ ಓಡಿತು. ದೋಷ ಅದರ ನಂತರ ಶುರುವಾದದ್ದರಿಂದ ಚೌಕಟ್ಟಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಹೊಸದು ಹಾಕಿದ ದಿನವೇ ಕೆಟ್ಟಿದ್ದರೆ ಬಹುಶಃ ಒಂದು ಗಂಟೆಯಲ್ಲಿ ಹಿಡಿಯುತ್ತಿದ್ದೆ.

ಬದಲಿಗೆ ಅನುಮಾನ ಹೋದದ್ದು ಬಿಸಿಲಿನ ಮೇಲೆ. ಈ ಯಂತ್ರ ಇರುವುದು ಸೇಡಂ ರಸ್ತೆಯ ನಮ್ಮ ಮನೆಯ ಮೇಲಿನ ತಗಡಿನ ಕೋಣೆಯಲ್ಲಿ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಹೊರಗೇ 42 ಡಿಗ್ರಿ ಇರುವಾಗ ತಗಡಿನ ಕೆಳಗೆ ಹೇಗಿರುತ್ತದೆ ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಿಲ್ಲ. ಶಹಾಬಾದ್ ಕಲ್ಲಿನ ನೆಲದ ಮೇಲೆ ನೀರು ಚೆಲ್ಲಿದರೆ ನೋಡುತ್ತಿದ್ದಂತೆಯೇ ಆರಿಹೋಗುತ್ತದೆ. ಬಿಟಿಎಸ್ 7960ರಲ್ಲಿ ಅತಿತಾಪದ ರಕ್ಷಣೆ ಇದೆ, ಅದು ಒಮ್ಮೆ ಬಿದ್ದರೆ ತಾನಾಗಿ ಏಳುವುದಿಲ್ಲ. ಚಿಪ್ಪನ್ನು ಚಾಲೂ ಇಡುವ ಎನೇಬಲ್ ಸಂಕೇತವನ್ನು ಕೆಳಗಿಳಿಸಿ ಮತ್ತೆ ಮೇಲೇರಿಸಿದರೆ ಮಾತ್ರ ಚಿಪ್ ಎಚ್ಚರಗೊಳ್ಳುತ್ತದೆ. ನಾನು ಎನೇಬಲ್ ಕಾಲುಗಳೆರಡನ್ನೂ (ಪಿನ್‌ಗಳನ್ನು) 5 ವೋಲ್ಟಿಗೆ ಕಟ್ಟಿಬಿಟ್ಟಿದ್ದೆ, ಹಾಗಾಗಿ ಪೂರೈಕೆ ಕಡಿದಾಗ ಮಾತ್ರ ಅದು ಚೇತರಿಸಿಕೊಳ್ಳುತ್ತಿತ್ತು. ಲಕ್ಷಣ ಪೂರ್ತಿ ಹೊಂದುತ್ತಿತ್ತು. ಚಿಪ್ಪಿನ ಶಾಖವನ್ನು ಹೊರಹಾಕುವ ಅಲ್ಯುಮಿನಿಯಂ ಹೀಟ್‌ಸಿಂಕ್‌ಗೆ ಎದುರಾಗಿ ಎರಡು ಫ್ಯಾನ್ ಕೂಡಿಸಿದೆ, ಪ್ರಯೋಜನವಾಗಲಿಲ್ಲ. ಮಲ್ಟಿಮೀಟರಿನ ಥರ್ಮೋಕಪಲ್ ಇಟ್ಟು ನೋಡಿದರೆ ಮೋಟರ್ ನಿಂತ ಕ್ಷಣದಲ್ಲಿ ಹೀಟ್‌ಸಿಂಕ್ 51 ಡಿಗ್ರಿ ಮಾತ್ರ. ಆಗ ನಾನು ಮಾಡಿದ ತಪ್ಪು ತೀರ್ಮಾನವೆಂದರೆ, ಇದು ತಾಪದ ದೋಷವಲ್ಲ ಎಂಬುದು. ಹತ್ತಾರು ಆಂಪಿಯರ್ ಒಮ್ಮೆಲೇ ಹರಿದರೆ ಒಳಗಿನ ಸಿಲಿಕಾನ್ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯುತ್ತದೆ, ಹೊರಗಿನ ಅಲ್ಯುಮಿನಿಯಂಗೆ ಆ ಸುದ್ದಿ ಮುಟ್ಟುವ ಮೊದಲೇ ಚಿಪ್ ಬಾಗಿಲು ಹಾಕಿಕೊಂಡಿರುತ್ತದೆ. ಹೀಟ್‌ಸಿಂಕ್ ತಂಪಾಗಿದೆ ಎಂಬುದರಿಂದ ಚಿಪ್ ಕಾದಿಲ್ಲ ಎಂದು ಹೇಳಲು ಬರುವುದಿಲ್ಲ.

ಎರಡನೆಯ ಅನುಮಾನ ಪಿಡಬ್ಲ್ಯುಎಂ ಆವರ್ತನದ ಮೇಲೆ, ಅಂದರೆ ವೇಗ ಹಿಡಿತದಲ್ಲಿಡಲು ಮೋಟರಿಗೆ ವಿದ್ಯುತ್ತನ್ನು ಸೆಕೆಂಡಿಗೆ ಎಷ್ಟು ಸಲ ಕೊಟ್ಟು ಕಡಿಯುತ್ತೇವೆ ಎಂಬುದರ ಮೇಲೆ. ಉನೋದ 3, 9, 10, 11ನೇ ಕಾಲುಗಳಲ್ಲಿ ಸಹಜವಾಗಿ ಬರುವುದು 490 ಹರ್ಟ್ಜ್. ಅದರಲ್ಲಿ ಮೋಟರ್ ಜೀರುಂಡೆಯಂತೆ ಗುಂಯ್‌ಗುಡುತ್ತದೆ. ಆ ಸದ್ದು ತಪ್ಪಿಸಲು ನಾನು ಟೈಮರ್‌ಗಳ ಭಾಜಕವನ್ನು 1ಕ್ಕೆ ಇಳಿಸಿ 31 ಕಿಲೋಹರ್ಟ್ಜ್ ಮಾಡಿಕೊಂಡಿದ್ದೆ. ಚಿಪ್ಪಿನ ಮಾಹಿತಿಪತ್ರವನ್ನು ಮತ್ತೊಮ್ಮೆ ಓದಿದಾಗ ಅದರ ಮಿತಿ 25 ಕಿಲೋಹರ್ಟ್ಜ್ ಎಂದು ಕಂಡಿತು. ಭಾಜಕವನ್ನು 8 ಮಾಡಿ 3.9 ಕಿಲೋಹರ್ಟ್ಜ್‌ಗೆ ತಂದೆ. ಇದು ಮಾಡಲೇಬೇಕಿದ್ದ ತಿದ್ದುಪಡಿ, ಬೋರ್ಡು ಸ್ವಲ್ಪ ತಣ್ಣಗೂ ಆಯಿತು. ದೋಷ ಮಾತ್ರ ಇದ್ದಲ್ಲೇ ಇತ್ತು.

ಯುಎಸ್‌ಬಿ ಕಳಚುವ ಸದ್ದು ಮೋಟರ್ ನಿಲ್ಲುವುದಕ್ಕಿಂತ ಮೊದಲು ಬರುತ್ತದೆ ಎಂಬುದನ್ನು ಗಮನಿಸಿದ ಮೇಲೆ, ಮೋಟರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಬ್ರಷ್‌ಗಳ ಕಿಡಿಯಿಂದ ಏಳುವ ವಿದ್ಯುತ್ ಗದ್ದಲವೇ ಕಾರಣವೆಂದುಕೊಂಡು ಒಂದು ವಾರ ಕಳೆದೆ. ಮೋಟರ್ ತಂತಿಗಳನ್ನು ಹೊಸೆದೆ, ಟರ್ಮಿನಲ್‌ಗಳಿಗೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೆಸೆದೆ, ಯುಎಸ್‌ಬಿ ಕೇಬಲ್ಲಿಗೆ ಫೆರೈಟ್ ಮಣಿ ತೊಡಿಸಿದೆ. ಆ ವಾರದಲ್ಲಿ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು, ಅದಕ್ಕೆ ಸಿಗಬೇಕಾದ ಮರ್ಯಾದೆಯನ್ನು ನಾನು ಆಗ ಕೊಡಲಿಲ್ಲ. ಆರ್ಡುಯಿನೋದಿಂದ ಬಲಗಡೆಯ ಡ್ರೈವರಿಗೆ ಹೋಗುವ ತೆಳು ಜಂಪರ್ ತಂತಿಗಳಲ್ಲಿ ಗ್ರೌಂಡ್ ತಂತಿಯೊಂದರ ಹೊದಿಕೆ ಮಾತ್ರ ಮೆತ್ತಗಾಗಿ, ಪಕ್ಕದ ತಂತಿಗೆ ಅಂಟಿಕೊಂಡು, ಬೂದು ಬಣ್ಣ ಕಂದಾಗಿತ್ತು. ಕೆಲವೇ ಮಿಲಿಆಂಪಿಯರ್ ಹರಿಯಬೇಕಾದ ಸಂಕೇತದ ತಂತಿ ಅದು. ಅಗ್ಗದ ತಂತಿ ಎಂದು ಬಯ್ದು ಬದಲಿಸಿ ಮುಂದೆ ಹೋದೆ.

ನಂತರ ಬೋರ್ಡುಗಳನ್ನು ಅದಲುಬದಲು ಮಾಡಿದೆ. ದೋಷ ಬೋರ್ಡಿನ ಜೊತೆ ಎಡಕ್ಕೆ ಹೋದರೆ ಬೋರ್ಡಿನದು, ಬಲದಲ್ಲೇ ಉಳಿದರೆ ಮೋಟರಿನದು ಎಂಬುದು ಹಳೆಯ ಲೆಕ್ಕ. ಫಲಿತಾಂಶ ಎರಡೂ ಆಗಲಿಲ್ಲ: ಒಮ್ಮೆ ಎಡ ನಿಂತಿತು, ಒಮ್ಮೆ ಬಲ ನಿಂತಿತು, ಒಂದು ಸಲ ಎರಡೂ ನಿಂತವು. ಮೂರನೆಯ ದಿನ ಎಡಗಡೆಯ ಬೋರ್ಡಿನಿಂದ ಸಣ್ಣ ಚಟ್ ಸದ್ದು ಬಂದು ಸುಟ್ಟ ವಾಸನೆ ಹರಡಿತು. ಬಿಚ್ಚಿ ನೋಡಿದಾಗ ಎಂ-ಮೈನಸ್ (ಮೋಟರಿನ ನೆಗೆಟಿವ್ ತಂತಿ ಕೂಡುವ ಟರ್ಮಿನಲ್) ಕಡೆಯ ಚಿಪ್ಪಿನ ಬೆನ್ನಿನಲ್ಲಿ ಸಾಸಿವೆಯಷ್ಟು ದೊಡ್ಡ ಕುಳಿ ಬಿದ್ದಿತ್ತು. ಎಂ-ಮೈನಸ್‌ನಿಂದ ಬ್ಯಾಟರಿಯ ನೆಗೆಟಿವ್ ಕೂಡುವ ಬಿ-ಮೈನಸ್‌ಗೆ 0.3 ಓಮ್, ಅಂದರೆ ಒಳಗೇ ಶಾರ್ಟ್. ಇಷ್ಟು ರಕ್ಷಣೆಗಳಿರುವ ಚಿಪ್ ಹೇಗೆ ಸತ್ತಿತು ಎಂದು ಅಂದು ಬೇಸರವಾಯಿತು. ಆದರೆ ಈ ರಕ್ಷಣೆಗಳು ಪದೇ ಪದೇ, ನಿರಂತರವಾಗಿ ಬಳಸುವುದಕ್ಕಲ್ಲ ಎಂದು ಮಾಹಿತಿಪತ್ರವೇ ಎಚ್ಚರಿಸುತ್ತದೆ, ನಾನು ತಿಂಗಳಿಂದ ಅದನ್ನೇ ಮಾಡಿಸುತ್ತಿದ್ದೆ. ಬ್ಯಾಟರಿಯ ಬಳಿಯಿದ್ದ 40 ಆಂಪಿಯರ್ ಬ್ಲೇಡ್ ಫ್ಯೂಸ್ ಮಾತ್ರ ಏನೂ ಕಾಣದಂತೆ ಕೂತಿತ್ತು. ಕ್ಷಣಮಾತ್ರದ ಹೊಡೆತಗಳಿಗೆ ಫ್ಯೂಸ್ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಸ ಬೋರ್ಡು ಇಲ್ಲಿ ಸಿಗಲಿಲ್ಲ. ಭಾನುವಾರ ವಾಡಿ, ತಾಂಡೂರು ಮಾರ್ಗದ ರೈಲು ಹಿಡಿದು ಹೈದರಾಬಾದಿಗೆ ಹೋಗಿ, ಸೋಮವಾರ ಕೋಟಿಯ ಗುಜರಾತಿ ಗಲ್ಲಿಯಲ್ಲಿ ಎರಡು ಬೋರ್ಡು ಕೊಂಡು ತಂದೆ. ಅವನ್ನು ಹಾಕುವ ಮೊದಲು ಅಳತೆ ಮಾಡುತ್ತೇನೆ, ಊಹೆ ಮಾಡುವುದಿಲ್ಲ ಎಂದು ರೈಲಿನಲ್ಲೇ ನಿಶ್ಚಯಿಸಿಕೊಂಡಿದ್ದೆ.

ಐಬಿಟಿ-2ರಲ್ಲಿ ಆರ್-ಐಎಸ್, ಎಲ್-ಐಎಸ್ ಎಂಬ ಎರಡು ಕಾಲುಗಳಿವೆ. ಬಹಳ ಮಂದಿ ಅವನ್ನು ಖಾಲಿ ಬಿಡುತ್ತಾರೆ, ನಾನೂ ಬಿಟ್ಟಿದ್ದೆ. ಮೇಲಿನ ಸ್ವಿಚ್ಚಿನ ಮೂಲಕ ಹರಿಯುವ ಪ್ರವಾಹದ ಸುಮಾರು 8,500ನೇ ಒಂದು ಭಾಗವನ್ನು ಚಿಪ್ ಈ ಕಾಲಿನಿಂದ ಹೊರಗೆ ಬಿಡುತ್ತದೆ, ಅದನ್ನು ಒಂದು ರೆಸಿಸ್ಟರಿನ ಮೇಲೆ ಬೀಳಿಸಿ ವೋಲ್ಟೇಜಾಗಿ ಓದಬೇಕು. ನನ್ನ ಬೋರ್ಡಿನಲ್ಲಿ ಅಲ್ಲಿ 103 ಎಂದು ಬರೆದ, ಅಂದರೆ 10 ಕಿಲೋಓಮ್‌ನ ರೆಸಿಸ್ಟರ್ ಇತ್ತು. ಲೆಕ್ಕ ಹಾಕಿದರೆ ಒಂದು ಆಂಪಿಯರಿಗೇ 1.18 ವೋಲ್ಟ್ ಬರುತ್ತದೆ, ನಾಲ್ಕು ಆಂಪಿಯರ್ ದಾಟುವಷ್ಟರಲ್ಲಿ 5 ವೋಲ್ಟಿನ ಛಾವಣಿಗೆ ತಲೆ ತಾಗುತ್ತದೆ. ಇಪ್ಪತ್ತು ಆಂಪಿಯರ್ ಎಳೆಯಬಲ್ಲ ಮೋಟರಿಗೆ ಇದು ಅಳತೆಗೋಲೇ ಅಲ್ಲ. ಅದರ ಪಕ್ಕಕ್ಕೆ ಸಮಾಂತರವಾಗಿ 1 ಕಿಲೋಓಮ್ ಬೆಸೆದೆ. ಒಟ್ಟು 909 ಓಮ್ ಆಯಿತು, ಆಂಪಿಯರಿಗೆ 0.107 ವೋಲ್ಟ್. ಆರ್ಡುಯಿನೋದ ಅನಲಾಗ್ ಕಾಲಿಗೆ ಕೊಟ್ಟು, ಸೆಕೆಂಡಿನಲ್ಲಿ ಕಂಡ ಗರಿಷ್ಠ ಅಂಕಿಯನ್ನು ಮಾತ್ರ ಪರದೆಗೆ ಕಳಿಸುವಂತೆ ನಾಲ್ಕು ಸಾಲು ಬರೆದೆ.

ಖಾಲಿ ಕುರ್ಚಿಯನ್ನು ಎಡಕ್ಕೆ ಬಲಕ್ಕೆ ಎಷ್ಟು ಆಡಿಸಿದರೂ 7 ಆಂಪಿಯರ್ ದಾಟಲಿಲ್ಲ. ಅಕ್ಕನ ಮಗನನ್ನು ಕೂಡಿಸಿದೆ, ಅವನ ತೂಕ 62 ಕಿಲೋ. ಮುಂದೆ ಹಿಂದೆ ಬಾಗುವಾಗ 12, 14. ಪಕ್ಕಕ್ಕೆ ವಾಲಿಸಿದ ಕೂಡಲೇ ಅಂಕಿ 38ಕ್ಕೆ ಜಿಗಿಯಿತು, ಯುಎಸ್‌ಬಿ ಸದ್ದು ಬಂತು, ಮೋಟರ್ ನಿಂತಿತು. ಕ್ರ್ಯಾಂಕನ್ನು ಬಲವಂತವಾಗಿ ಹಿಡಿದು ನಿಲ್ಲಿಸಿದಾಗಲೂ ಈ ಮೋಟರ್ 18 ಆಂಪಿಯರಿಗಿಂತ ಹೆಚ್ಚು ಎಳೆದದ್ದಿಲ್ಲ. ಹಾಗಿದ್ದ ಮೇಲೆ 38 ಆಂಪಿಯರ್ ಮೋಟರಿನೊಳಗೆ ಹೋಗುವುದು ಸಾಧ್ಯವೇ ಇಲ್ಲ, ಬೇರೆಲ್ಲಿಯೋ ಹೋಗುತ್ತಿದೆ.

ಎಲ್ಲಿಗೆ ಎಂಬುದನ್ನು ತೋರಿಸಿದ್ದು ತಂತಿಯನ್ನು ದವಡೆಯಲ್ಲಿ ಹಿಡಿದು ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರ್. ಸೌರಫಲಕ ಕೂಡಿಸುವ ಗೆಳೆಯನೊಬ್ಬನಿಂದ ಡಿಸಿ ಅಳೆಯುವ ಕ್ಲ್ಯಾಂಪ್ ತಂದೆ. ನನ್ನ ಚೀಲದಲ್ಲಿರುವುದು ಎಸಿ ಮಾತ್ರ ಅಳೆಯುವಂಥದ್ದು, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಲ ಮೋಟರಿನ ಎಂ-ಪ್ಲಸ್ ತಂತಿಗೆ ಕ್ಲ್ಯಾಂಪ್ ಹಾಕಿ, ಹುಡುಗನನ್ನು ಕೂಡಿಸಿ, ಎರಡು ಸೆಕೆಂಡು ಮಾತ್ರ ಹಿಮ್ಮುಖ ಓಡಿಸಿದೆ: 5 ಆಂಪಿಯರ್. ಎಂ-ಮೈನಸ್ ತಂತಿಗೆ ಹಾಕಿ ಅದೇ ಮಾಡಿದೆ: 29 ಆಂಪಿಯರ್. ಎರಡು ತಂತಿಯ ಮೋಟರಿನಲ್ಲಿ ಒಂದರಿಂದ ಒಳಹೋದದ್ದು ಇನ್ನೊಂದರಿಂದ ಅಷ್ಟೇ ಹೊರಬರಬೇಕು. ಎರಡೂ ತಂತಿಗಳನ್ನು ಒಟ್ಟಿಗೆ ದವಡೆಯೊಳಗೆ ಸೇರಿಸಿ ನೋಡಿದೆ; ಸೊನ್ನೆ ಬರಬೇಕಾದಲ್ಲಿ 24 ಬಂತು. ಸೋರಿಕೆ ಕಂಡೊಡನೆ ಮನೆಯ ವಿದ್ಯುತ್ ಕಡಿಯುವ ಇಎಲ್‌ಸಿಬಿ ಮಾಡುವ ಕೆಲಸ ಇದೇ: ಹೋದದ್ದು ಮತ್ತು ಬಂದದ್ದು ಕೂಡಿ ಸೊನ್ನೆಯಾಗದಿದ್ದರೆ ಎಲ್ಲಿಯೋ ಸೋರುತ್ತಿದೆ ಎಂದು ಅರ್ಥ. ಇಪ್ಪತ್ತನಾಲ್ಕು ಆಂಪಿಯರ್ ಮೋಟರಿನ ಮೈಯಿಂದ ಕಬ್ಬಿಣದ ಚೌಕಟ್ಟಿಗೆ ಇಳಿಯುತ್ತಿತ್ತು.

ಇಲ್ಲಿ ನನ್ನ ವೃತ್ತಿಯೇ ನನಗೆ ಅಡ್ಡ ಬಂದಿತ್ತು. ನಾನು ದಾಲ್ ಮಿಲ್ಲುಗಳ ತ್ರೀ-ಫೇಸ್ ಮೋಟರ್ ಮತ್ತು ಪ್ಯಾನೆಲ್‌ಗಳನ್ನು ದುರಸ್ತಿ ಮಾಡುವವನು. ನಮ್ಮಲ್ಲಿ ಮೋಟರಿನ ಮೈಗೂ ವೈಂಡಿಂಗಿಗೂ ಸಂಬಂಧವೇ ಇರಕೂಡದು. ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಚ್ಚಿದಾಗ 1 ಮೆಗಾಓಮ್‌ಗಿಂತ ಕೆಳಗೆ ತೋರಿಸಿದರೆ ಆ ಮೋಟರನ್ನು ಚಾಲೂ ಮಾಡುವುದಿಲ್ಲ, 'ಬಾಡಿ ಆಗ್ಯಾದ' ಎಂದು ಚೀಟಿ ಅಂಟಿಸಿ ರಿವೈಂಡಿಂಗಿಗೆ ಕಳಿಸುತ್ತೇವೆ. ಆ ಮೆಗ್ಗರ್ ದಿನವೂ ನನ್ನ ಚೀಲದಲ್ಲೇ ಇರುತ್ತದೆ. ಅಂಗೈಯಲ್ಲಿ ಹಿಡಿಯುವಂಥ ಈ ಪುಟ್ಟ ಮೋಟರಿಗೆ ಅದನ್ನು ಹಚ್ಚಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಬಲ ಮೋಟರಿನ ಕಪ್ಪು ತಂತಿಗೂ ಮೈಗೂ ಮಲ್ಟಿಮೀಟರ್ ಹಿಡಿದರೆ 0.2 ಓಮ್; ಪ್ರೋಬುಗಳ ತುದಿ ಕೂಡಿಸಿದಾಗ ಬರುವುದೂ ಅಷ್ಟೇ, ಎಂದರೆ ನೇರ ಜೋಡಣೆ. ಸರಿ, ಬಾಡಿ ಆಗಿದೆ ಎಂದುಕೊಂಡು ಅದನ್ನು ಬಿಚ್ಚಿ ಹುಮನಾಬಾದ್ ರಸ್ತೆಯ ಬದಿಯಲ್ಲಿ ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಮಾಡುವ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಬಳಿಗೆ ಒಯ್ದೆ. ಅವರು ಮೋಟರನ್ನು ತಿರುಗಿಸಿ ನೋಡಿ ನಕ್ಕರು. "ಇದು ಕೆಟ್ಟಿಲ್ರಿ ಸಾಹೇಬ್ರ. ವೈಪರ್ ಮೋಟರಿಗಿ ನೆಗೆಟಿವ್ ಅಂದ್ರ ಬಾಡಿನೇ. ಗಾಡಿಯಾಗ ಎಲ್ಲಾ ಹಂಗೇ ಇರ್ತದ್ರಿ." ಕಪಾಟಿನಿಂದ ಪ್ಯಾಕ್ ಒಡೆಯದ ಹೊಸದೊಂದನ್ನು ತೆಗೆದು ತಾವೇ ಟೆಸ್ಟ್ ಲ್ಯಾಂಪ್ ಹಚ್ಚಿ ತೋರಿಸಿದರು. ಬಲ್ಬು ಝಗ್ಗನೆ ಹೊತ್ತಿತು.

ವಾಹನದಲ್ಲಿ ಇದು ತಪ್ಪಲ್ಲ, ಉಳಿತಾಯ. ಬ್ಯಾಟರಿಯ ನೆಗೆಟಿವ್ ಹೇಗೂ ಚಾಸಿಗೆ ಕೂಡಿರುತ್ತದೆ, ಮೋಟರಿನ ಒಂದು ಬ್ರಷ್ಷನ್ನು ಮೈಗೇ ಕೊಟ್ಟರೆ ಒಂದು ತಂತಿ ಉಳಿಯುತ್ತದೆ. ವೈಪರ್ ಮೋಟರ್ ಒಂದೇ ದಿಕ್ಕಿಗೆ ತಿರುಗುತ್ತದೆ, ಗಾಜಿನ ಮೇಲೆ ಅತ್ತಿತ್ತ ಆಡುವುದು ಲಿಂಕೇಜಿನ ಕೆಲಸ; ಆದ್ದರಿಂದ ಆ ಬ್ರಷ್ ಎಂದೂ ನೆಗೆಟಿವ್ ಬಿಟ್ಟು ಬೇರೇನೂ ಆಗುವುದಿಲ್ಲ. ಎಚ್-ಬ್ರಿಡ್ಜ್‌ನಲ್ಲಿ ಹಾಗಲ್ಲ. ಮುಮ್ಮುಖವಾಗಿ ಓಡುವಾಗ ಎಂ-ಮೈನಸ್ ಸೊನ್ನೆಯಲ್ಲಿರುತ್ತದೆ, ಹಿಮ್ಮುಖವಾದಾಗ ಅದೇ ಎಂ-ಮೈನಸ್ 12 ವೋಲ್ಟಿಗೆ ಏರುತ್ತದೆ, ಅದರೊಂದಿಗೆ ಮೋಟರಿನ ಮೈಯೂ ಏರುತ್ತದೆ. ಎರಡು ಮೋಟರುಗಳು ಒಂದೇ ಕಬ್ಬಿಣದ ಮೇಲೆ ಕೂತಿದ್ದರೆ ಎರಡೂ ಡ್ರೈವರುಗಳ ಎಂ-ಮೈನಸ್ ಒಂದಾದಂತೆ. ಎರಡೂ ಮುಮ್ಮುಖ ಓಡಿದರೆ ಎರಡೂ ಸೊನ್ನೆ, ಜಗಳವಿಲ್ಲ. ಕುರ್ಚಿ ಪಕ್ಕಕ್ಕೆ ವಾಲಬೇಕಾದರೆ ಒಂದು ಮುಮ್ಮುಖ, ಇನ್ನೊಂದು ಹಿಮ್ಮುಖ; ಆಗ ಒಂದು ಡ್ರೈವರಿನ ಮೇಲಿನ ಸ್ವಿಚ್ಚು ಚೌಕಟ್ಟಿಗೆ 12 ವೋಲ್ಟ್ ಸುರಿಯುತ್ತದೆ, ಇನ್ನೊಂದರ ಕೆಳಗಿನ ಸ್ವಿಚ್ಚು ಅದನ್ನು ನೆಲಕ್ಕೆ ಎಳೆಯುತ್ತದೆ. ನಡುವೆ ಮೋಟರೇ ಇಲ್ಲದ ನೇರ ಶಾರ್ಟ್. 43 ಆಂಪಿಯರಿನ ಆಸುಪಾಸಿನಲ್ಲಿ ಚಿಪ್ ತಾನೇ ಪ್ರವಾಹವನ್ನು ಕತ್ತರಿಸತೊಡಗುತ್ತದೆ, ಆ ಹೋರಾಟದಲ್ಲಿ ಕಾದು ಮಲಗುತ್ತದೆ. ಎರಡರಲ್ಲಿ ಯಾವುದು ಮೊದಲು ಮಲಗುತ್ತದೆಯೋ ಆ ಬದಿಯಲ್ಲಿ ದೋಷವಿದ್ದಂತೆ ಕಾಣುತ್ತದೆ. ಎಡವೋ ಬಲವೋ ಎಂಬ ಗೊಂದಲ ಅಲ್ಲಿಂದ ಬಂದದ್ದು.

ಪ್ಲೈವುಡ್ ಕಾಲದಲ್ಲಿ ಇದು ಕಾಣದಿದ್ದುದು ಸಹಜ. ಕಬ್ಬಿಣಕ್ಕೆ ಬಂದ ಮೇಲೂ ಎರಡು ವಾರ ಕಾಪಾಡಿದ್ದು ಬಣ್ಣ. ರೆಡ್ ಆಕ್ಸೈಡ್ ಮತ್ತು ಎನಾಮಲ್ ಸೇರಿ ಒಳ್ಳೆಯ ಇನ್ಸುಲೇಷನ್ ಆಗಿದ್ದವು. ಬೋಲ್ಟುಗಳು ನಡುಗಿ ನಡುಗಿ ರಂಧ್ರದ ಅಂಚಿನ ಬಣ್ಣವನ್ನು ಸವೆಸಿದಾಗ ಶಾರ್ಟಿಗೆ ದಾರಿಯಾಯಿತು. ಬಲ ಮೋಟರಿನ ಬ್ರ್ಯಾಕೆಟ್ ಕಳಚಿದಾಗ ಅದರ ಅಡಿಯಲ್ಲಿ ಕಪ್ಪು ಬಣ್ಣದ ನಡುವೆ ಕೆಂಪು ಉಂಗುರ, ಕೆಂಪಿನ ನಡುವೆ ಹೊಳೆಯುವ ಬಿಳಿ ಕಬ್ಬಿಣದ ಅರ್ಧಚಂದ್ರ ಕಂಡಿತು. ಅದರ ಅಂಚಿನಲ್ಲಿ ಮೊಳೆಯ ಮೊನೆಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕಿಡಿಯ ಗುರುತುಗಳು. ಎರಡು ಮೋಟರುಗಳ ಮೈಗಳ ನಡುವೆ ಮೀಟರ್ ಹಿಡಿದು ಖಾಲಿ ಕುರ್ಚಿಯಲ್ಲಿ ಅಳೆದಾಗ ಸಂಪರ್ಕವೇ ಇರಲಿಲ್ಲ. ಹುಡುಗ ಕೂತು ಎಡಕ್ಕೆ ವಾಲಿದಾಗ ಮೀಟರ್ ಬೀಪ್ ಎಂದಿತು, ನೇರವಾದಾಗ ಸುಮ್ಮನಾಯಿತು. ಭಾರಕ್ಕೆ ಚೌಕಟ್ಟು ಕೂದಲೆಳೆಯಷ್ಟು ತಿರುಚಿಕೊಂಡರೂ ಬೋಲ್ಟು ಬಿಳಿ ಕಬ್ಬಿಣಕ್ಕೆ ತಾಗುತ್ತಿತ್ತು. ನಾನು ಒಂದು ತಿಂಗಳು ಹೆಚ್ಚಿನ ಪರೀಕ್ಷೆಗಳನ್ನು ಖಾಲಿ ಕುರ್ಚಿಯ ಮೇಲೆ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮಾಡಿದ್ದೆ.

ಕಂದಾದ ಗ್ರೌಂಡ್ ತಂತಿಗೂ ಈಗ ಅರ್ಥ ಸಿಕ್ಕಿತು. ಪೆಡಲುಗಳ ಲೋಹದ ತಳ ಚೌಕಟ್ಟಿಗೆ ಬೋಲ್ಟ್ ಆಗಿದೆ, ಅದರ ಯುಎಸ್‌ಬಿ ಕೇಬಲ್ಲಿನ ಹೊರಕವಚ ಆ ತಳಕ್ಕೆ ಕೂಡಿದೆ, ಕವಚದ ಇನ್ನೊಂದು ತುದಿ ಕಂಪ್ಯೂಟರಿನ ಗ್ರೌಂಡ್‌ನಲ್ಲಿದೆ, ಅಲ್ಲಿಂದ ಇನ್ನೊಂದು ಯುಎಸ್‌ಬಿ ಮೂಲಕ ಆರ್ಡುಯಿನೋದ ಗ್ರೌಂಡ್, ಅಲ್ಲಿಂದ ತೆಳು ಜಂಪರ್ ತಂತಿಯ ಮೂಲಕ ಡ್ರೈವರಿನ ಬಿ-ಮೈನಸ್. ಚೌಕಟ್ಟು 12 ವೋಲ್ಟಿಗೆ ಏರಿದಾಗ ಪ್ರವಾಹದ ಒಂದು ಪಾಲು ಈ ಸುತ್ತುದಾರಿಯನ್ನೂ ಹಿಡಿಯುತ್ತಿತ್ತು. ಆರ್ಡುಯಿನೋದ ಗ್ರೌಂಡೇ ತೂಗಾಡಿದರೆ ಯುಎಸ್‌ಬಿ ಕಳಚದೆ ಇನ್ನೇನಾಗುತ್ತದೆ? ಕಂಪ್ಯೂಟರಿನ ಮದರ್‌ಬೋರ್ಡ್ ಉಳಿದದ್ದು ನನ್ನ ಅದೃಷ್ಟ.

ಮೊದಲು ಸುಲಭದ ದಾರಿ ಹಿಡಿದೆ: ಮೋಟರ್ ಬ್ರ್ಯಾಕೆಟ್ಟಿನ ರಂಧ್ರಗಳನ್ನು ದೊಡ್ಡದು ಮಾಡಿ ನೈಲಾನ್ ಬುಷ್ ಮತ್ತು ಫೈಬರ್ ವಾಷರ್ ಹಾಕಿದೆ. ಅಳೆದಾಗ ಮೀಟರಿನ ಅಂಕಿ 0.5ರಿಂದ 2 ಓಮ್‌ವರೆಗೆ ಕುಣಿಯುತ್ತಿತ್ತು. ಮೋಟರಿನ ಮೈ ಬ್ರ್ಯಾಕೆಟ್ಟಿಗೆ ಮಾತ್ರ ತಾಗಿರುವುದಿಲ್ಲ. ಶಾಫ್ಟ್, ಕ್ರ್ಯಾಂಕ್, ತಳ್ಳುಕಡ್ಡಿಯ ಬಾಲ್ ಜಾಯಿಂಟ್, ಈಗ ಕಬ್ಬಿಣದ್ದಾಗಿರುವ ಕುರ್ಚಿಯ ತಳ, ಇವೆಲ್ಲ ಒಂದೇ ಸರಪಳಿ. ಬಾಲ್ ಜಾಯಿಂಟಿನ ಗ್ರೀಸ್ ಅಷ್ಟಿಷ್ಟು ತಡೆದರೂ ಅದನ್ನು ನಂಬಿ ಕೂರಲು ಬರುವುದಿಲ್ಲ. ಬ್ರಷ್ಷನ್ನೇ ಮೈಯಿಂದ ಬಿಡಿಸುವುದೊಂದೇ ಸರಿಯಾದ ಪರಿಹಾರ.

ಮೋಟರಿನ ಎರಡು ಉದ್ದ ಸ್ಕ್ರೂ ತೆಗೆದು ಡಬ್ಬಿಯನ್ನು ಎಳೆದಾಗ ಒಳಗೆ ತಿರುಗುವ ಆರ್ಮೇಚರ್ ಅಯಸ್ಕಾಂತಕ್ಕೆ ಕಚ್ಚಿಕೊಂಡು ಅದರೊಂದಿಗೇ ಹೊರಟಿತು; ಬ್ರಷ್‌ಗಳು ಸ್ಪ್ರಿಂಗಿನ ಬಲಕ್ಕೆ ಹೊರಗೆ ಹಾರಿದವು. ಎರಡನೆಯದಕ್ಕೆ ಬುದ್ಧಿ ಕಲಿತು ಶಾಫ್ಟನ್ನು ಬೆರಳಿನಿಂದ ಒತ್ತಿ ಹಿಡಿದೇ ಡಬ್ಬಿ ಎಳೆದೆ. ಒಳಗೆ ಮೂರು ಬ್ರಷ್: ಒಂದು ಕಡಿಮೆ ವೇಗಕ್ಕೆ, ಒಂದು ಹೆಚ್ಚು ವೇಗಕ್ಕೆ, ಮೂರನೆಯದು ಸಾಮಾನ್ಯ. ಈ ಮೂರನೆಯ ಬ್ರಷ್ಷಿನ ತಾಮ್ರದ ಜಡೆಯನ್ನು ಗೇರ್‌ಬಾಕ್ಸಿನ ಎರಕದ ಮೈಗೆ ಒಂದು ರಿವೆಟ್ಟಿನಿಂದ ಹೊಡೆದಿದ್ದರು. ರಿವೆಟ್ಟಿನ ತಲೆಯನ್ನು 3 ಮಿಲಿಮೀಟರ್ ಡ್ರಿಲ್ಲಿನಿಂದ ಕೊರೆದು ಜಡೆಯನ್ನು ಬಿಡಿಸಿ, 2.5 ಚದರ ಮಿಲಿಮೀಟರಿನ ತಂತಿ ಬೆಸೆದೆ. ಜಡೆಗೆ ಬೆಸುಗೆ ಹಾಕುವಾಗ ಒಂದು ಎಚ್ಚರ ಬೇಕು: ಕರಗಿದ ಸೀಸ ಜಡೆಯೊಳಗೆ ಹೀರಿಕೊಂಡು ಬ್ರಷ್ಷಿನವರೆಗೆ ಹರಿದರೆ ಅದು ಕಡ್ಡಿಯಂತೆ ಬಿರುಸಾಗುತ್ತದೆ, ಬ್ರಷ್ ಕಮ್ಯುಟೇಟರಿನ ಮೇಲೆ ಸಡಿಲವಾಗಿ ಜಾರುವುದಿಲ್ಲ. ಇಕ್ಕಳದಿಂದ ಜಡೆಯ ನಡುವೆ ಬಿಗಿಯಾಗಿ ಹಿಡಿದುಕೊಂಡರೆ ಶಾಖವೂ ಸೀಸವೂ ಅಲ್ಲಿಗೇ ನಿಲ್ಲುತ್ತವೆ. ತಂತಿಗೆ ಫೈಬರ್‌ಗ್ಲಾಸ್ ತೋಳು ತೊಡಿಸಿ, ವೈಪರನ್ನು ಅದರ ಜಾಗಕ್ಕೆ ತಂದು ನಿಲ್ಲಿಸುವ ಹಳೆಯ ಪಾರ್ಕ್ ಸ್ವಿಚ್ಚಿನ ತಂತಿ ಬರುತ್ತಿದ್ದ ರಬ್ಬರ್ ಗ್ರಾಮೆಟ್ಟಿನಿಂದಲೇ ಹೊರಗೆ ತಂದೆ. ರೇಡಿಯೋ ಗದ್ದಲ ತಡೆಯಲು ಟರ್ಮಿನಲ್ಲಿನಿಂದ ಮೈಗೆ ಕೊಟ್ಟಿದ್ದ ಕೆಪ್ಯಾಸಿಟರನ್ನು ಅಲ್ಲಿಂದ ಕಿತ್ತು ಎರಡು ಬ್ರಷ್‌ಗಳ ನಡುವೆ ಹಾಕಿದೆ. ಡಬ್ಬಿಯ ತಳದಲ್ಲಿ ಕಾರ್ಬನ್ ಪುಡಿ ಕಾಡಿಗೆಯಂತೆ ಮೆತ್ತಿತ್ತು. ಅದೂ ವಿದ್ಯುತ್ತನ್ನು ಹರಿಸುವುದರಿಂದ ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದೆ. ಬೀದಿಯಾಚೆಯ ಮಿಲ್ಲಿನಿಂದ ಬರುವ ತೊಗರಿ ಹೊಟ್ಟಿನ ಧೂಳು ಅದರೊಂದಿಗೆ ಸೇರಿ ಮುದ್ದೆಗಟ್ಟಿತ್ತು.

ಜೋಡಿಸಿದ ಮೇಲೆ ಈ ಸಲ ಮೆಗ್ಗರನ್ನೇ ಹಚ್ಚಿದೆ, ಆದರೆ ತಂತಿಗಳನ್ನು ಡ್ರೈವರಿನಿಂದ ಪೂರ್ತಿ ಬಿಚ್ಚಿದ ಮೇಲೆ. 500 ವೋಲ್ಟಿನ ಮೆಗ್ಗರಿಗೆ 12 ವೋಲ್ಟಿನ ಎಲೆಕ್ಟ್ರಾನಿಕ್ಸ್ ಒಂದು ಕ್ಷಣದ ಊಟ. ಎಡ ಮೋಟರ್ 50 ಮೆಗಾಓಮ್ ದಾಟಿತು, ಬಲದ್ದು 8ರಲ್ಲಿ ನಿಂತಿತು. ಅದನ್ನು ಇನ್ನೊಮ್ಮೆ ತೊಳೆದೆ, 30ಕ್ಕೆ ಬಂತು.

ಇಷ್ಟಾದ ಮೇಲೆ ಉಳಿದವು ಚಿಕ್ಕ ಕೆಲಸಗಳು. ಎನೇಬಲ್ ಕಾಲುಗಳನ್ನು 5 ವೋಲ್ಟಿನಿಂದ ಬಿಡಿಸಿ ಆರ್ಡುಯಿನೋದ ಹತೋಟಿಗೆ ಕೊಟ್ಟೆ, ಅವುಗಳಿಗೂ ಪಿಡಬ್ಲ್ಯುಎಂ ಕಾಲುಗಳಿಗೂ 10 ಕಿಲೋಓಮ್‌ನ ಪುಲ್-ಡೌನ್ ಹಾಕಿದೆ. ಆರ್ಡುಯಿನೋ ಮರುಚಾಲನೆಯಾಗುವ ಹೊತ್ತಿನಲ್ಲಿ ಕಾಲುಗಳು ಗಾಳಿಯಲ್ಲಿ ತೇಲಿ ಮೋಟರ್ ಎಗರಬಾರದು. ಐಎಸ್ ಕಾಲಿನ ಓದು 547 ದಾಟಿದರೆ, ಅಂದರೆ 2.67 ವೋಲ್ಟ್ ಅಥವಾ 25 ಆಂಪಿಯರ್ ಆದರೆ, ಎರಡೂ ಮೋಟರುಗಳ ಎನೇಬಲ್ ಕೆಳಗಿಳಿಯುತ್ತದೆ, ಗುಂಡಿ ಒತ್ತುವವರೆಗೆ ಏಳುವುದಿಲ್ಲ. ಆರ್ಡುಯಿನೋಗೆ ಒಂದು ಓದಿಗೆ ಸುಮಾರು 104 ಮೈಕ್ರೋಸೆಕೆಂಡು ಬೇಕಾಗುತ್ತದೆ, ಚಿಪ್ಪನ್ನು ರಕ್ಷಿಸುವುದಕ್ಕೆ ಆ ವೇಗ ಸಾಕು. ಪ್ರತಿ ಮೋಟರಿಗೂ ಪ್ರತ್ಯೇಕವಾಗಿ 15 ಆಂಪಿಯರ್ ಫ್ಯೂಸ್ ಇಟ್ಟೆ. ಮೈ ಈಗ ಎಲ್ಲಕ್ಕಿಂತ ಬೇರೆಯಾದ್ದರಿಂದ ಚೌಕಟ್ಟಿಗೆ ಮನೆಯ ಅರ್ಥಿಂಗ್ ತಂತಿಯನ್ನೂ ಕೂಡಿಸಿದೆ. ಮೊದಲೇ ಹಾಗೆ ಮಾಡಿದ್ದರೆ ಶಾರ್ಟಿಗೆ ಇನ್ನೊಂದು ದಾರಿ ಸಿಗುತ್ತಿತ್ತು.

ಜೂನ್ 6ರ ರಾತ್ರಿ ಮಳೆ ಬಿದ್ದು ತಗಡು ತಣ್ಣಗಾದ ಮೇಲೆ ಹುಡುಗನನ್ನು ಕೂಡಿಸಿ ಎರಡು ತಂತಿಗಳನ್ನೂ ಮತ್ತೆ ಕ್ಲ್ಯಾಂಪಿನ ದವಡೆಗೆ ಸೇರಿಸಿದೆ. ಎಡಕ್ಕೆ ವಾಲಿಸಿದೆ, ಬಲಕ್ಕೆ ವಾಲಿಸಿದೆ, ಅವನು ಬೇಕೆಂದೇ ಹಾರಿ ಕೂತ. ಅಂಕಿ 0.1ರಿಂದ 0.2ರ ನಡುವೆ ಆಡಿತು, ಅದು ಆ ಮೀಟರಿನ ಸ್ವಂತ ಅಲುಗಾಟ. ಐಎಸ್ ಓದಿನ ಗರಿಷ್ಠ 16 ಆಂಪಿಯರ್. ಅವನು ಒಂದೂವರೆ ಗಂಟೆ ಇಳಿಯಲಿಲ್ಲ. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಸುಟ್ಟ ಬೋರ್ಡಿನಿಂದ ಇನ್ನೂ ಜೀವವಿರುವ ಚಿಪ್ಪನ್ನು ಬಿಡಿಸಿ ಡಬ್ಬಿಗೆ ಹಾಕಿಕೊಂಡೆ. ಈಗ ಎಡ ತಳ್ಳುಕಡ್ಡಿಯ ಬಾಲ್ ಜಾಯಿಂಟ್ ಪ್ರತಿ ತಿರುವಿನಲ್ಲೂ ಟಕ್ ಎನ್ನುತ್ತಿದೆ, ಮುಂದಿನ ಭಾನುವಾರದ ಕೆಲಸ ಅದು.